ಎಷ್ಟು ಕರಗುತ್ತೆ, ಎಷ್ಟು ಬೇಗ ಕರಗುತ್ತೆ: ಒಂದು ಎಂ.ಫಾರ್ಮ್ ಪ್ರಾಜೆಕ್ಟಿನ ಕಥೆ

"ಸರ್, ಎಂಟು ಪಟ್ಟು ಜಾಸ್ತಿ ಆಗೇತಿ!"

ಫೆಬ್ರವರಿ ಕೊನೆಯ ಒಂದು ಸಂಜೆ. ಮನೆಗೆ ಹೊರಡಲು ಬ್ಯಾಗು ಹೆಗಲಿಗೇರಿಸಿದ್ದೆ. ನನ್ನ ಹತ್ತಿರ ಎಂ.ಫಾರ್ಮ್ (ಔಷಧ ಶಾಸ್ತ್ರದ ಸ್ನಾತಕೋತ್ತರ ಓದು) ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿ ಲ್ಯಾಬ್ ಪುಸ್ತಕ ಹಿಡಿದು ಓಡಿ ಬಂದಳು. ಜಗಳೂರು ಕಡೆಯವಳು. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಈಗಲೂ ಲ್ಯಾಬ್ ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲೇ ಗುರುತು ಹಾಕಿಕೊಳ್ಳುತ್ತಾಳೆ. ಅವತ್ತು ಅಂಚಿನಲ್ಲಿ ಒಂದೇ ಪದ ಇತ್ತು: "ಕರಗಿತು!!"

ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ದಾವಣಗೆರೆಯ ನಮ್ಮ ಸಣ್ಣ ಲ್ಯಾಬಿನಲ್ಲಿ, ಒಂದು ಹಾಟ್ ಪ್ಲೇಟು, ಒಂದು ಹಳೇ ಟ್ಯಾಬ್ಲೆಟ್ ಯಂತ್ರ ಇಟ್ಟುಕೊಂಡು, ನೀರಿಗೆ ಬಗ್ಗದ ಮದ್ದನ್ನು ಎಂಟು ಪಟ್ಟು ಕರಗಿಸಿದೆವು ಅಂದರೆ ಕಡಿಮೆಯಾ? ಆದರೆ ಆ ಎಂಟು ಪಟ್ಟು ಮೂರೇ ದಿನದಲ್ಲಿ ಮಾಯವಾಯಿತು. ಅದು ಯಾಕೆ ಬಂತು, ಎಲ್ಲಿ ಹೋಯಿತು, ಹೋದ ಮೇಲೆ ಕೈಯಲ್ಲಿ ಏನು ಉಳಿಯಿತು ಅನ್ನೋದೇ ಈ ಪ್ರಕರಣ.

ಹತ್ತು ಕೊಡ ನೀರು

ಮದ್ದಿನ ಹೆಸರು ಫೆನೋಫೈಬ್ರೇಟ್. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಏರಿದವರಿಗೆ ಕೊಡುವ ಮಾತ್ರೆ. ಬೆಣ್ಣೆ ದೋಸೆಯ ಊರಿನಲ್ಲಿ ಕೂತು ಈ ಮದ್ದನ್ನೇ ಆರಿಸಿಕೊಂಡಿರಲ್ರೀ ಅಂತ ಸ್ಟಾಫ್ ರೂಮಿನಲ್ಲಿ ನಗೆಯಾಡಿದರು. ತಮಾಷೆ ಅಂದರೆ, ಬೆಣ್ಣೆಗೂ ಈ ಮದ್ದಿಗೂ ನಿಜಕ್ಕೂ ನಂಟಿದೆ. ಇದು ನೀರನ್ನು ಕಂಡರೆ ದೂರ ಸರಿಯುವ, ಕೊಬ್ಬಿಗೆ ಒಲಿಯುವ ಪುಡಿ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಕೂಡ ಪೂರ್ತಿ ಕರಗುವುದಿಲ್ಲ. ಹಾಗಾದರೆ 160 ಮಿಲಿಗ್ರಾಂ ಮಾತ್ರೆಗೆ 160 ಲೀಟರಿಗಿಂತ ಜಾಸ್ತಿ ನೀರು ಬೇಕು. ಹತ್ತು ಕೊಡ ಅಂತಿಟ್ಟುಕೊಳ್ಳಿ. ಹೊಟ್ಟೆಯಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಅದಕ್ಕೇ ಇದರ ಹಳೇ ಮಾದರಿಯ ಮಾತ್ರೆಗಳನ್ನು ಊಟದ ಜೊತೆ ತಗೊಳ್ಳಿ ಅನ್ನುತ್ತಾರೆ. ಜಿಡ್ಡಿನ ಊಟ ಹೋದರೆ ಪಿತ್ತರಸ ಸುರಿಯುತ್ತದೆ. ಅದು ಸೋಪಿನ ಹಾಗೆ ಕೆಲಸ ಮಾಡಿ ಮದ್ದನ್ನು ಕರಗಿಸುತ್ತದೆ.

ಐಬುಪ್ರೊಫೆನ್ ಕೂಡ ನೀರಿನಲ್ಲಿ ಕಷ್ಟಪಟ್ಟು ಕರಗುವ ಮದ್ದೇ. ಆದರೆ ಅದಕ್ಕೆ ಆಮ್ಲದ ಗುಣ ಇದೆ. ಹುಳಿ ಕಡಿಮೆ ಇರುವ ಕರುಳಿಗೆ ಇಳಿದ ಮೇಲೆ ಚೆನ್ನಾಗಿ ಕರಗುತ್ತದೆ. ಫೆನೋಫೈಬ್ರೇಟಿಗೆ ಅಂಥ ಹಿಡಿಕೆಯೇ ಇಲ್ಲ. ಹುಳಿ ಹಾಕಿ, ಕ್ಷಾರ ಹಾಕಿ, ಜಪ್ಪಯ್ಯ ಅನ್ನುವುದಿಲ್ಲ. ಒಂದು ಒಳ್ಳೆಯ ಗುಣ ಅಂದರೆ, ಹೇಗೋ ಕರಗಿತು ಅಂದರೆ ಕರುಳಿನ ಗೋಡೆ ದಾಟುವುದು ಇದಕ್ಕೆ ಸಲೀಸು. 1995ರಲ್ಲಿ ಗಾರ್ಡನ್ ಅಮಿಡಾನ್ ಮತ್ತು ಜೊತೆಗಾರರು ಮದ್ದುಗಳನ್ನು ನಾಲ್ಕು ವರ್ಗ ಮಾಡಿದರಲ್ಲ, ಅದರಲ್ಲಿ ಎರಡನೇ ವರ್ಗ ಇಂಥವುಗಳದ್ದು. ಕರಗುವುದು ಕಷ್ಟ, ದಾಟುವುದು ಸುಲಭ.

ಈ ಮದ್ದಿನ ಡೋಸ್ ಇಳಿದು ಬಂದ ಬಗೆ ನೋಡಿ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಂದಾಗ 100 ಮಿಲಿಗ್ರಾಂನ ಕ್ಯಾಪ್ಸೂಲು, ದಿನಕ್ಕೆ ಮೂರು. ಪುಡಿಯನ್ನು ಇನ್ನೂ ಸಣ್ಣಗೆ ಬೀಸಿದಾಗ 200 ಸಾಕಾಯಿತು. ಆಮೇಲೆ 160ರ ಮಾತ್ರೆ. 2004ರಲ್ಲಿ ನ್ಯಾನೋ ಕಣದ 145 ಬಂತು, ಅದನ್ನು ಖಾಲಿ ಹೊಟ್ಟೆಯಲ್ಲೂ ತಗೋಬಹುದು. ಮದ್ದು ಅದೇ, ಅಣು ಅದೇ. ಮುಖ್ಯವಾಗಿ ಬದಲಾಗಿದ್ದು ಕಣದ ಗಾತ್ರ.

ನ್ಯಾನೋ ಕಣ ಮಾಡುವ ಗಿರಣಿ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಹಾಟ್ ಪ್ಲೇಟು ಇತ್ತು. ಹಾಗಾಗಿ ಯುಟೆಕ್ಟಿಕ್ ದಾರಿ ಹಿಡಿದೆವು.

ಅಮೃತಧಾರೆಯ ಬಾಟಲಿ

ಯುಟೆಕ್ಟಿಕ್ ಅಂದರೆ ಏನು ಅಂತ ನಾನು ಪಾಠ ಮಾಡುವಾಗ ಬೋರ್ಡಿನ ಮೇಲೆ ಗೆರೆ ಎಳೆಯುವುದಕ್ಕೆ ಮುಂಚೆ ಅಮೃತಧಾರೆ ಮಾಡಿ ತೋರಿಸುತ್ತೇನೆ. ಗ್ರಂಧಿಗೆ ಅಂಗಡಿಯಿಂದ ಕರ್ಪೂರ, ಮೆಂಥಾಲ್ ಹರಳು, ಓಮದ ಸತ್ವ ತಂದು ಬಾಟಲಿಗೆ ಹಾಕಿ ಅಲ್ಲಾಡಿಸುವುದು. ಮೂರೂ ಒಣ ಹರಳು. ಬೆಂಕಿ ಇಲ್ಲ, ನೀರಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೂರೂ ಸೇರಿ ನೀರಾಗಿಬಿಡುತ್ತವೆ. ನಮ್ಮ ಅಜ್ಜಿಯರು ತಲೆನೋವಿಗೆ ಹಚ್ಚುತ್ತಿದ್ದದ್ದು ಇದನ್ನೇ. ಬೇರೆ ಬೇರೆ ಇದ್ದಾಗ ಮೆಂಥಾಲ್ ಕರಗಲು 42 ಡಿಗ್ರಿ ಆಸುಪಾಸು ಬೇಕು, ಓಮದ ಸತ್ವಕ್ಕೆ 50, ಕರ್ಪೂರಕ್ಕೆ 175 ದಾಟಬೇಕು. ಕೂಡಿದಾಗ ಒಬ್ಬರ ಸಾಲು ಇನ್ನೊಬ್ಬರು ಕೆಡಿಸುತ್ತಾರೆ. ಹರಳಾಗಿ ನಿಲ್ಲಲು ಆಗುವುದಿಲ್ಲ.

ರೇಡಿಯೋ ರಿಪೇರಿಯವರ ಬೆಸುಗೆ ತಂತಿಯೂ ಇದೇ ಜಾತಿ. ತವರ 232 ಡಿಗ್ರಿಗೆ ಕರಗುತ್ತದೆ, ಸೀಸ 327ಕ್ಕೆ. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ 183ಕ್ಕೇ ಕರಗುತ್ತದೆ. ಇಂಥ ಬೆರಕೆಗೆ ಯುಟೆಕ್ಟಿಕ್ ಅಂತ 1884ರಲ್ಲಿ ಹೆಸರಿಟ್ಟವರು ಫ್ರೆಡರಿಕ್ ಗತ್ರಿ. ಗ್ರೀಕಿನಲ್ಲಿ 'ಸುಲಭವಾಗಿ ಕರಗುವುದು' ಅಂತ ಅರ್ಥ. ಮದ್ದಿನ ಕಡೆ ಬಂದರೆ, ಮಕ್ಕಳಿಗೆ ಸೂಜಿ ಚುಚ್ಚುವ ಮುಂಚೆ ಮರಗಟ್ಟಿಸಲು ಹಚ್ಚುವ ಕ್ರೀಮಿನಲ್ಲಿ ಲಿಡೊಕೇನ್, ಪ್ರೈಲೊಕೇನ್ ಸಮಪಾಲು ಇರುತ್ತವೆ. ಬೇರೆ ಇದ್ದಾಗ ಎರಡೂ ಗಟ್ಟಿ, ಕೂಡಿದರೆ 18 ಡಿಗ್ರಿಯಲ್ಲೇ ಎಣ್ಣೆ.

ಇಷ್ಟೂ ಶಾಖಕ್ಕೆ ಕರಗುವ ಮಾತಾಯಿತು. ನೀರಿನಲ್ಲಿ ಕರಗುವುದಕ್ಕೂ ಇದಕ್ಕೂ ಏನು ಸಂಬಂಧ?

ಕನ್ನಡ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ. ಬೆಣ್ಣೆ ಕಾವಲಿಯ ಮೇಲೆ ಕರಗುತ್ತದೆ, ಸಕ್ಕರೆ ಚಹಾದಲ್ಲಿ ಕರಗುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದ. ಹುಡುಗಿಯ ಲ್ಯಾಬ್ ಪುಸ್ತಕದ ಅಂಚಿನಲ್ಲಿ "60ಕ್ಕೆ ಕರಗಿತು", "ಕರಗಲಿಲ್ಲ", "ಬೇಗ ಕರಗಿತು" ಅಂತೆಲ್ಲ ಇದ್ದವು. ಯಾವ ಕರಗುವಿಕೆ ಅಂತ ಆಕೆಗೇ ಎರಡು ವಾರ ಆದ ಮೇಲೆ ಗೊತ್ತಾಗುತ್ತಿರಲಿಲ್ಲ.

ಸಂಬಂಧ ಇರುವುದು ಬೆರಕೆ ಮತ್ತೆ ಗಟ್ಟಿಯಾಗುವಾಗ. ಯುಟೆಕ್ಟಿಕ್ ಪಾಲಿನಲ್ಲಿ ಕರಗಿದ ದ್ರವ ತಣ್ಣಗಾದಾಗ ಎರಡೂ ಪದಾರ್ಥ ಒಟ್ಟೊಟ್ಟಿಗೇ ಹರಳುಗಟ್ಟುತ್ತವೆ. ಯಾವುದಕ್ಕೂ ದೊಡ್ಡದಾಗಿ ಬೆಳೆಯಲು ಜಾಗ ಸಿಗುವುದಿಲ್ಲ. ಬಹಳ ಸಣ್ಣ ಸಣ್ಣ ಹರಳುಗಳು ಒಂದರೊಳಗೊಂದು ಹೆಣೆದು ಕೂರುತ್ತವೆ. ಹೊಸ ಪದಾರ್ಥ ಏನೂ ಹುಟ್ಟಿರುವುದಿಲ್ಲ. ನಮ್ಮೂರ ಖಾರ ಮಂಡಕ್ಕಿಯ ಹಾಗೆ, ಒಂದೇ ತುತ್ತಿನಲ್ಲಿ ಬಾಯಿಗೆ ಬಂದರೂ ಮಂಡಕ್ಕಿ ಮಂಡಕ್ಕಿಯೇ, ಪುಟಾಣಿ ಪುಟಾಣಿಯೇ. ಈಗ ಜೊತೆಗಾರ ನೀರಿನಲ್ಲಿ ಚೆನ್ನಾಗಿ ಕರಗುವಂಥದ್ದಾದರೆ, ನೀರಿಗೆ ಬಿದ್ದ ಕೂಡಲೇ ಅದು ಕರಗಿ ಹೋಗುತ್ತದೆ. ಸಣ್ಣ ಪುಡಿಯಾಗಿ ಮದ್ದು ಮಾತ್ರ ನೀರಿನಲ್ಲಿ ಉಳಿಯುತ್ತದೆ. 1961ರಲ್ಲಿ ಜಪಾನಿನ ಸೆಕಿಗುಚಿ ಮತ್ತು ಒಬಿ ಸಲ್ಫಾಥಯಾಜೋಲನ್ನು ಯೂರಿಯಾ ಜೊತೆ ಕರಗಿಸಿ ಗಟ್ಟಿ ಮಾಡಿದ್ದು ಇದೇ ಯೋಚನೆಯಿಂದ.

ನಾವೂ ಮೊದಲು ಯೂರಿಯಾ ಅಂದುಕೊಂಡಿದ್ದೆವು. ಅಗ್ಗ, ನೀರಿನಲ್ಲಿ ಸೊಗಸಾಗಿ ಕರಗುತ್ತದೆ. ಆದರೆ ಅದು ಶಾಖಕ್ಕೆ ಕರಗುವುದು 133 ಡಿಗ್ರಿಗೆ. ಅದಕ್ಕಿಂತ ಮೇಲೆ ಹೋದರೆ ಒಡೆದು ಅಮೋನಿಯಾ ಬಿಡಲು ಶುರು ಮಾಡುತ್ತದೆ. ಫೆನೋಫೈಬ್ರೇಟ್ 80 ಡಿಗ್ರಿಗೇ ಕರಗುವ ಮದ್ದು, ಅದನ್ನು ಸುಮ್ನೆ ಯಾಕೆ ಅಷ್ಟು ಬೇಯಿಸಬೇಕು? ಕೊನೆಗೆ ಪಿಇಜಿ 6000, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್, ಹಿಡಿದೆವು. ಮೇಣದಂಥ ಬಿಳಿ ಪದಾರ್ಥ, ಮುಲಾಮುಗಳಲ್ಲಿ ಬಳಸುತ್ತಾರೆ, 60 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ನೀರಿನಲ್ಲಿಯೂ ಕರಗುತ್ತದೆ. ಇದಕ್ಕಿಂತ ಮುಖ್ಯ, ಕರಗಿದ ಮೇಲೆ ಮದ್ದು ಮತ್ತು ಪಿಇಜಿ ಎಣ್ಣೆ-ನೀರಿನ ಹಾಗೆ ಬೇರೆಯಾಗದೆ ಒಂದಾಗುತ್ತವೆ. ಅದಿಲ್ಲದಿದ್ದರೆ ಇಂಥ ಹೆಣಿಗೆ ಆಗುವುದೇ ಇಲ್ಲ.

ಯಾವ ಪಾಲಿನಲ್ಲಿ ಯುಟೆಕ್ಟಿಕ್ ಆಗುತ್ತದೆ ಅಂತ ಹುಡುಕಲು ಬೇರೆ ಬೇರೆ ಪಾಲಿನ ಬೆರಕೆ ಮಾಡಿದಳು. ಬೆರಕೆ ಎಷ್ಟು ಡಿಗ್ರಿಗೆ ಕರಗುತ್ತದೆ ಅಂತ ಗೆರೆ ಎಳೆದು ತೋರಿಸುವ ಡಿಎಸ್‌ಸಿ ಯಂತ್ರ ನಮ್ಮಲ್ಲಿಲ್ಲ, ಹೊರಗೆ ಕಳಿಸಿ ಕಾದೆವು. ನೂರಕ್ಕೆ 20ರಿಂದ 25 ಪಾಲು ಮದ್ದು ಇರುವಲ್ಲಿ ಪಿಇಜಿಗಿಂತ ಕೆಲವೇ ಡಿಗ್ರಿ ಕೆಳಗೆ ಆ ಗೆರೆಯಲ್ಲಿ ಒಂದೇ ತಗ್ಗು ಬಂತು, ಅಂದರೆ ಎರಡೂ ಒಟ್ಟಿಗೇ ಕರಗಿದವು. ಇದೇ ಜೋಡಿಯ ಬಗ್ಗೆ ಹಿಂದೆ ಕೆಲಸ ಮಾಡಿದವರೂ ಈ 20-25ನ್ನೇ ಹೇಳಿದ್ದಾರೆ. ಹರಳಿನ ಜೋಡಣೆ ತೋರಿಸುವ ಎಕ್ಸ್-ರೇ ಚಿತ್ರದಲ್ಲಿ ಮದ್ದಿನ ಹಳೇ ಗುರುತುಗಳೇ ಇದ್ದವು, ಹೊಸದೇನೂ ಇರಲಿಲ್ಲ. ಮದ್ದು ಹರಳಾಗಿಯೇ ಉಳಿದಿದೆ ಅಂತ ಅರ್ಥ. ಇದನ್ನು ಅವತ್ತೇ ಸರಿಯಾಗಿ ಯೋಚಿಸಿದ್ದರೆ ಎಂಟು ಪಟ್ಟಿನ ಸಂಭ್ರಮ ಬೇಕಿರಲಿಲ್ಲ.

ಎಂಟು ಪಟ್ಟು ಎಲ್ಲಿಗೆ ಹೋಯಿತು

ಯುಟೆಕ್ಟಿಕ್ ಪುಡಿಯನ್ನು ನೀರಿಗೆ ಹಾಕಿ, 37 ಡಿಗ್ರಿಯಲ್ಲಿ ಎರಡು ದಿನ ಅಲ್ಲಾಡಿಸಿ, ಸೋಸಿ, ಬಂದ ನೀರಿಗೆ ಮೆಥನಾಲ್ ಸೇರಿಸಿ, ಬೆಳಕು ಹಾಯಿಸಿ ಮದ್ದು ಎಷ್ಟಿದೆ ಅಂತ ಅಳೆಯುವ ಯುವಿ ಯಂತ್ರದಲ್ಲಿ ನೋಡಿದ್ದಳು. ಬರೀ ಮದ್ದಿನ ಪುಡಿಗೂ ಹಾಗೇ ಮಾಡಿದ್ದಳು. ಎರಡಕ್ಕೂ ಎಂಟು ಪಟ್ಟು ವ್ಯತ್ಯಾಸ.

ಮನೆಗೆ ಹೋಗಿ ಊಟಕ್ಕೆ ಕೂತಾಗ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಹರಳು ಅದೇ ಇದ್ದ ಮೇಲೆ, ಎರಡು ದಿನ ಕಾದರೆ ಎರಡೂ ಹೆಚ್ಚು ಕಡಿಮೆ ಅಲ್ಲೇ ಬಂದು ನಿಲ್ಲಬೇಕಲ್ಲ? ಹರಳು ಬಹಳ ಸಣ್ಣದಾದರೆ ಅಥವಾ ನೀರಿನಲ್ಲಿ ಪಿಇಜಿ ಇದ್ದರೆ ಕೊಂಚ ಜಾಸ್ತಿ ಬರಬಹುದು. ಎಂಟು ಪಟ್ಟು ಹೇಗೆ?

ಮರುದಿನ ಮೊದಲ ಪ್ರಶ್ನೆ ಕೇಳಿದೆ. "ಏನಮ್ಮಾ, ಯಾವುದ್ರಲ್ಲಿ ಸೋಸಿದೆ?"

"ಫಿಲ್ಟರ್ ಪೇಪರ್‌ನಾಗ ಸರ್. ನಂಬರ್ ಒಂದು."

ಅಲ್ಲೇ ಇತ್ತು ತೂತು. ಆ ಕಾಗದದ ರಂಧ್ರ ಸುಮಾರು 11 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಬರೀ ಮದ್ದಿನ ದಪ್ಪ ಕಣ ಅದರ ಮೇಲೆ ನಿಂತಿತು. ಯುಟೆಕ್ಟಿಕ್‌ನಿಂದ ಬಿಡುಗಡೆಯಾದ ಸಣ್ಣ ಕಣ ಕರಗದೆಯೇ ಕೆಳಗಿಳಿಯಿತು. ಮೆಥನಾಲ್ ಬಿದ್ದ ಕೂಡಲೇ ಅದೂ ಕರಗಿತು. ಯಂತ್ರ ಪಾಪ ಏನು ಮಾಡುತ್ತದೆ, ಎಲ್ಲವನ್ನೂ ಸೇರಿಸಿ ಎಣಿಸಿತು. 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್ ತರಿಸಿದೆವು. ನೀರಿಗೆ ಹೆದರುವ ಮದ್ದು ಫಿಲ್ಟರಿಗೇ ಅಂಟಿಕೊಳ್ಳುವ ಗುಣ ಇದೆ, ಹಾಗಾಗಿ ಮೊದಲ ಕೆಲವು ಮಿಲಿ ಚೆಲ್ಲಿ ಮುಂದಿನದನ್ನು ತಗೊಳ್ಳಲು ಹೇಳಿದೆ. ಮೂರನೇ ದಿನ ಎರಡೂ ಅಂಕಿ ಅಕ್ಕಪಕ್ಕ ಬಂದು ಕೂತವು. ಎಷ್ಟು ಸಣ್ಣ ಅಂಕಿ ಅಂದರೆ, ಯಂತ್ರದ ಸೊನ್ನೆಯ ನಡುಕದಲ್ಲೇ ಮುಳುಗಿದಂತಿತ್ತು.

ಆಕೆ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ ಅಂತ ಅಟೆಂಡರ್ ಹೇಳಿದರು. ತಪ್ಪು ಆಕೆಯದ್ದಕ್ಕಿಂತ ನನ್ನದು ಜಾಸ್ತಿ. ಪ್ರಾಜೆಕ್ಟಿನ ಶೀರ್ಷಿಕೆಯಲ್ಲಿ 'ಕರಗುವಿಕೆ ಹೆಚ್ಚಿಸುವುದು' ಅಂತ ಬರೆದುಕೊಟ್ಟವನು ನಾನೇ. ಎಷ್ಟೋ ಪ್ರಾಜೆಕ್ಟುಗಳ ಮೇಲೆ ಇರುವ ಶೀರ್ಷಿಕೆ ಅದು. ಎಷ್ಟು ಕರಗುತ್ತದೆ ಮತ್ತು ಎಷ್ಟು ಬೇಗ ಕರಗುತ್ತದೆ ಎಂಬ ಎರಡು ಪ್ರಶ್ನೆಯನ್ನು ಒಂದೇ ಪದದ ಕೆಳಗೆ ತುರುಕುವ ಶೀರ್ಷಿಕೆ.

ಆಕೆಗೆ ನಾನು ಹೇಳಿದ್ದು ಇಷ್ಟು. ಒಂದು ಲೋಟ ನೀರಿಗೆ ಎಷ್ಟು ಬೆಲ್ಲ ಹಿಡಿಸುತ್ತದೆ ಅನ್ನೋದು ಅಚ್ಚು ಹಾಕಿದರೂ ಅಷ್ಟೇ, ಪುಡಿ ಹಾಕಿದರೂ ಅಷ್ಟೇ. ಆದರೆ ಪುಡಿ ಬೇಗ ಕರಗುತ್ತದೆ, ಅಚ್ಚು ನಿಧಾನ. ನೀರಿಗೆ ತಾಗುವ ಮೈ ಹೆಚ್ಚಾದಷ್ಟೂ ವೇಗ ಹೆಚ್ಚು ಅನ್ನೋದು ನಾಯ್ಸ್ ಮತ್ತು ವಿಟ್ನಿ 1897ರಲ್ಲೇ ತೋರಿಸಿದ ದಾರಿಯ ಮೇಲೆ ನಿಂತ ಲೆಕ್ಕ. ಹೊಟ್ಟೆಯಲ್ಲಿ ಈ ವೇಗವೇ ಸಾಕು, ಯಾಕೆಂದರೆ ಕರುಳು ಲೋಟ ಅಲ್ಲ. ಕರಗಿದ್ದನ್ನು ಗೋಡೆ ಎಳೆದುಕೊಳ್ಳುತ್ತಲೇ ಇರುತ್ತದೆ. ತಳದಲ್ಲಿ ತೂತಿರುವ ತೊಟ್ಟಿ ಅದು. ಹತ್ತು ಕೊಡ ನೀರು ಒಮ್ಮೆಗೇ ಬೇಕಿಲ್ಲ. ಹೋದಷ್ಟು ಜಾಗಕ್ಕೆ ಮತ್ತೆ ಬೇಗ ಕರಗಿದರೆ ಆಯಿತು. ಮತ್ತೆ ಆ ಸುಳ್ಳು ಎಂಟು ಪಟ್ಟು ಇದೆಯಲ್ಲ, ಅದು ನಮ್ಮ ಕಣ ನಿಜಕ್ಕೂ 11 ಮೈಕ್ರಾನ್‌ಗಿಂತ ಸಣ್ಣದು ಅಂತ ಪುಕ್ಕಟೆಯಾಗಿ ತೋರಿಸಿಕೊಟ್ಟಿತು.

"ಹಂಗಂದ್ರ ಕೆಲಸ ಕೆಟ್ಟಿಲ್ಲ ಅನ್ರಿ ಸರ್."

"ಕೆಟ್ಟಿಲ್ಲ. ಪ್ರಶ್ನೆ ಬದಲಾಗಿದೆ ಅಷ್ಟೇ."

ಆಮೇಲೆ ಡಿಸಲ್ಯೂಷನ್ ಯಂತ್ರದಲ್ಲಿ, ಅಂದರೆ ಮದ್ದು ಎಷ್ಟು ಹೊತ್ತಿಗೆ ಎಷ್ಟು ಕರಗಿತು ಅಂತ ಅಳೆಯುವ ಯಂತ್ರದಲ್ಲಿ, ನೋಡಿದಳು. ಬರೀ ನೀರಿನಲ್ಲಿ ಈ ಮದ್ದು ಏನೂ ತೋರಿಸುವುದಿಲ್ಲ, ಹಾಗಾಗಿ ನೀರಿಗೆ ಸೋಡಿಯಂ ಲಾರಿಲ್ ಸಲ್ಫೇಟ್ ಬೆರೆಸುತ್ತಾರೆ. ಶಾಂಪೂಗಳಲ್ಲಿ ಇರುವಂಥದ್ದೇ. ಪಿತ್ತರಸದ ಬದಲಿಗೆ ಅಂದುಕೊಳ್ಳಿ. ಹೊತ್ತು ಕಳೆದಂತೆ ಎಷ್ಟು ಕರಗಿತು ಅಂತ ಗೆರೆ ಎಳೆದಾಗ, ಮೊದಲ ಹದಿನೈದು ನಿಮಿಷದಲ್ಲಿ ಎರಡು ಗೆರೆಗಳ ನಡುವೆ ದೊಡ್ಡ ಅಂತರ. ಯುಟೆಕ್ಟಿಕ್‌ನದ್ದು ನೆಟ್ಟಗೆ ಮೇಲೆದ್ದಿತು, ಬರೀ ಮದ್ದಿನದ್ದು ತೆವಳಿತು. ಬರೀ ಪುಡಿ ನೀರಿನ ಮೇಲೆ ತೇಲುತ್ತ ಗೋಡೆಗೆ ಅಂಟುತ್ತಿದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಪಿಇಜಿ ಹೊದ್ದು ಬಂದ ಕಣ ಒದ್ದೆಯಾಗಿ ಮುಳುಗಿತು.

ಏಪ್ರಿಲ್ ಬಿಸಿಲು

ಮುಂದಿನ ತೊಂದರೆ ಹವೆಯದ್ದು. ದಾವಣಗೆರೆಯ ಏಪ್ರಿಲ್ ಗೊತ್ತಲ್ಲ. ಮಧ್ಯಾಹ್ನ ಲ್ಯಾಬಿನೊಳಗೆ ಕೂಡ ಮೈ ಬೇಯುತ್ತದೆ, ಕರೆಂಟ್ ಹೋದರೆ ಕೇಳಲೇ ಬೇಡಿ. ಕರಗಿದ ಬೆರಕೆಯನ್ನು ಮೇಜಿನ ಮೇಲೆ ಇಟ್ಟರೆ ಆರುವುದು ನಿಧಾನ. ನಿಧಾನಕ್ಕೆ ಆರಿದರೆ ಹರಳಿಗೆ ಬೆಳೆಯಲು ಸಮಯ ಸಿಗುತ್ತದೆ, ಹೆಣಿಗೆ ದಪ್ಪವಾಗುತ್ತದೆ. ಫೆಬ್ರವರಿಯ ಪುಡಿಗೂ ಏಪ್ರಿಲ್‌ನ ಪುಡಿಗೂ ಡಿಸಲ್ಯೂಷನ್ ಗೆರೆ ಹೊಂದಲಿಲ್ಲ. ಎರಡು ವಾರ ತೂಕದ ತಕ್ಕಡಿ, ಮದ್ದಿನ ಬ್ಯಾಚು, ಎಲ್ಲವನ್ನೂ ಅನುಮಾನಿಸಿದೆವು. ಕೊನೆಗೆ ಜ್ಯೂಸ್ ಅಂಗಡಿಯಿಂದ ಐಸ್ ತಂದು, ಅದರ ಮೇಲೆ ಸ್ಟೀಲ್ ತಟ್ಟೆ ಇಟ್ಟು, ಬೆರಕೆಯನ್ನು ತೆಳ್ಳಗೆ ದೋಸೆಯ ಹಾಗೆ ಸುರಿದಾಗ ಗೆರೆ ಮತ್ತೆ ಮೇಲೆದ್ದಿತು. ಐಸಿಗೆ ಉಪ್ಪು ಹಾಕಿದರೆ ಇನ್ನೂ ತಣ್ಣಗಾಗುತ್ತದೆ ಅಂತ ಅಟೆಂಡರ್ ಸೂಚಿಸಿದರು. ಉಪ್ಪು-ಐಸು ಕೂಡ ಯುಟೆಕ್ಟಿಕ್ ಜೋಡಿಯೇ, ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಹೋಗುತ್ತದೆ. ಕುಲ್ಫಿ ಮಾರುವವರಿಗೆ ಗೊತ್ತಿರುವ ವಿದ್ಯೆ.

ಅರೆಯುವುದು ಇನ್ನೊಂದು ಗೋಳು. ಪಿಇಜಿ ಬಿಸಿಗೆ ಮೆತ್ತಗಾಗಿ ಕಲ್ವಕ್ಕೆ ಬಳಿದುಕೊಳ್ಳುತ್ತಿತ್ತು, ಜರಡಿ ಕಟ್ಟಿಕೊಳ್ಳುತ್ತಿತ್ತು. ಬೆಳಿಗ್ಗೆ ಆರೂವರೆಗೆ ಬಂದು ಅರೆಯಲು ಶುರು ಮಾಡಿದಳು. ಕಲ್ವವನ್ನು ಫ್ರಿಜ್ಜಿನಲ್ಲಿ ಇಡುವ ಉಪಾಯ ಮಾಡಿ ಒಮ್ಮೆ ಪುಡಿಯೆಲ್ಲ ತೇವ ಹಿಡಿದು ಹಾಳಾಯಿತು.

ಮಾತ್ರೆ ಆಗಬೇಕಲ್ಲ

ಪುಡಿ ಚೆನ್ನಾಗಿದೆ ಅಂತ ಕೂರಲಾಗದು. ನುಂಗುವವನಿಗೆ ಮಾತ್ರೆ ಬೇಕು. ನೂರಕ್ಕೆ 20 ಪಾಲು ಮದ್ದು ಅಂದರೆ 160 ಮಿಲಿಗ್ರಾಂ ಮದ್ದಿಗೆ 640 ಮಿಲಿಗ್ರಾಂ ಪಿಇಜಿ, ಒಟ್ಟು 800. 25 ಪಾಲು ಅಂದರೆ ಒಟ್ಟು 640. ಉಳಿದ ಸಾಮಾನು ಸೇರಿದರೆ ಮೊದಲನೆಯದು ಒಂದು ಗ್ರಾಂ ಮುಟ್ಟುತ್ತದೆ, ವಯಸ್ಸಾದವರ ಗಂಟಲಿಗೆ ಇಳಿಯುವ ಮಾತಲ್ಲ. 25ಕ್ಕೇ ನಿಂತೆವು. ಯುಟೆಕ್ಟಿಕ್ ಬಗ್ಗೆ ಬರೆಯುವ ಬಹಳ ಪ್ರಾಜೆಕ್ಟುಗಳಲ್ಲಿ ಈ ಕೂಡು-ಕಳೆ ಲೆಕ್ಕ ಇರುವುದೇ ಇಲ್ಲ. ನನ್ನ ಮಟ್ಟಿಗೆ ಅದು ಮೊದಲ ಪುಟದಲ್ಲೇ ಬರಬೇಕು.

ಮಾತ್ರೆ ಒತ್ತಿದಾಗ ಮೊದಲ ದಿನವೇ ಯಂತ್ರದ ಒತ್ತುವ ಪಂಚಿಗೆ ಅಂಟಿಕೊಂಡಿತು. ಒತ್ತಡಕ್ಕೆ ಹುಟ್ಟುವ ಶಾಖ, ಮೇಲೆ ಹೊರಗಿನ ಬಿಸಿ. ಒತ್ತಡ ಜಾಸ್ತಿ ಮಾಡಿದಾಗ ಹೊಳೆಯುವ ಚಂದದ ಮಾತ್ರೆ ಬಂತು, ಆದರೆ ನೀರಿಗೆ ಹಾಕಿದರೆ ಮೇಣದ ಬತ್ತಿಯ ತುಂಡಿನ ಹಾಗೆ ಕೂತಿತು. ಒಡೆಯಲೇ ಇಲ್ಲ, ಹೊರಗಿನಿಂದ ನಿಧಾನಕ್ಕೆ ಸವೆಯಿತು. ಪುಡಿಯಲ್ಲಿ ಗಳಿಸಿದ ವೇಗ ಮಾತ್ರೆಯಲ್ಲಿ ಹೋಯಿತು.

ದಾರಿ ಸಿಕ್ಕಿದ್ದು ಓದಿನಿಂದ. ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಪಡೆದ ಫೆನೋಗ್ಲೈಡ್ ಅನ್ನೋ ಮಾತ್ರೆಯಲ್ಲಿ ಇರುವುದು ಇದೇ ಮದ್ದು, ಇದೇ ಪಿಇಜಿ 6000, ಜೊತೆಗೆ ಪೊಲೊಕ್ಸಮರ್ 188 (ಸೋಪಿನ ಹಾಗೆ ಕೆಲಸ ಮಾಡುವ ಪದಾರ್ಥ) ಮತ್ತು ಲ್ಯಾಕ್ಟೋಸ್ (ಹಾಲಿನ ಸಕ್ಕರೆ). ಕರಗಿದ ಬೆರಕೆಯನ್ನು ಲ್ಯಾಕ್ಟೋಸ್ ಮೇಲೆ ಸಿಂಪಡಿಸಿ ಗಟ್ಟಿ ಮಾಡುತ್ತಾರೆ. ಡೋಸ್ 120 ಮಿಲಿಗ್ರಾಂಗೆ ಇಳಿದಿದೆ. ನಮ್ಮ ಹತ್ತಿರ ಸಿಂಪಡಿಸುವ ಯಂತ್ರ ಇಲ್ಲ. ಹುಡುಗಿ ತಟ್ಟೆಯಲ್ಲಿ ಲ್ಯಾಕ್ಟೋಸ್ ಹರಡಿ, ಡ್ರಾಪರಿನಿಂದ ಹನಿ ಹನಿ ಬಿಡುತ್ತ, ಇನ್ನೊಂದು ಕೈಯಿಂದ ಕಲಸುತ್ತ ಹೋದಳು. ಇಲ್ಲಿ ಯುಟೆಕ್ಟಿಕ್‌ನ ಇನ್ನೊಂದು ಉಪಕಾರ ಗೊತ್ತಾಯಿತು. 80 ಡಿಗ್ರಿಗೆ ಕರಗುವ ಮದ್ದು 65 ಡಿಗ್ರಿಯಲ್ಲೇ ತೆಳ್ಳಗೆ ಹರಿಯುತ್ತಿತ್ತು. ಹನಿ ಲ್ಯಾಕ್ಟೋಸಿಗೆ ತಾಗಿದ ಕೂಡಲೇ ತೆಳುವಾಗಿ ಹರಡಿ ಗಟ್ಟಿಯಾಯಿತು, ಐಸಿನ ಕೆಲಸವೂ ತಪ್ಪಿತು. ಬೇಗ ಒಡೆಯಲು ಕ್ರಾಸ್‌ಪೊವಿಡೋನ್ ಸೇರಿಸಿ, ಹಗುರ ಒತ್ತಡದಲ್ಲಿ, ಬೆಳಿಗ್ಗೆ ಹೊತ್ತಿನಲ್ಲಿ ಒತ್ತಿದ ಮಾತ್ರೆ ಒಡೆಯಿತು. ಗೆರೆ ಪುಡಿಯದಷ್ಟು ನೆಟ್ಟಗಿಲ್ಲ, ಆದರೆ ಬರೀ ಮದ್ದಿನ ಮಾತ್ರೆಗಿಂತ ಎಷ್ಟೋ ಮೇಲೆ.

ದಿನ ಕಳೆದರೆ ಹೇಗಿರುತ್ತವೆ ಅಂತ ನೋಡಲು 40 ಡಿಗ್ರಿ, ಶೇಕಡಾ 75 ತೇವಾಂಶದ ಪೆಟ್ಟಿಗೆಯಲ್ಲಿ ಇಟ್ಟ ಮಾತ್ರೆಗಳು ಮೂರನೇ ತಿಂಗಳಿಗೆ ಸ್ವಲ್ಪ ಗಡಸಾಗಿದ್ದವು, ಕರಗುವ ವೇಗವೂ ಸ್ವಲ್ಪ ಇಳಿದಿತ್ತು. ಪಿಇಜಿ ದಿನ ಕಳೆದಂತೆ ತನ್ನ ಹರಳನ್ನು ಒಳಗೊಳಗೇ ಸರಿಪಡಿಸಿಕೊಳ್ಳುತ್ತ ಹೋಗುತ್ತದೆ. ಆರು ತಿಂಗಳು ಇಡಬೇಕಿತ್ತು, ಪ್ರಾಜೆಕ್ಟಿಗೆ ಅಷ್ಟು ಸಮಯ ಇರಲಿಲ್ಲ. ಬಿಸಿಲಲ್ಲಿ ನಿಂತ ಟೆಂಪೋದೊಳಗೆ ಈ ಮಾತ್ರೆಯ ಗತಿ ಏನು ಅನ್ನೋ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಿಲ್ಲ. 60ರೊಳಗೆ ಕರಗುವ ಬೆರಕೆಗೆ ನಮ್ಮ ಬೇಸಿಗೆ ಬಹಳ ದೂರ ಏನಿಲ್ಲ.

ಶೀರ್ಷಿಕೆ ಬದಲಿಸಲು ಆಗಲಿಲ್ಲ, ಕಾಗದ ಮೊದಲೇ ಹೋಗಿತ್ತು. ಒಳಗೆ ಮಾತ್ರ ಒಂದು ಅಧ್ಯಾಯ ಪೂರ್ತಿ ಫಿಲ್ಟರ್ ಪೇಪರಿನ ಕಥೆ ಬರೆದಳು, ಎರಡೂ ಅಂಕಿಗಳ ಸಮೇತ. ತೆಗೆದುಬಿಡು ಅಂತ ಕೆಲವರು ಹೇಳಿದರು. ನಾನು ಇರಲಿ ಅಂದೆ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಶೀರ್ಷಿಕೆ ಓದಿ, ನೇರವಾಗಿ ಕೇಳಿದರು. "ಹಾಗಾದ್ರೆ ಕರಗುವಿಕೆ ಎಷ್ಟು ಹೆಚ್ಚಾಯ್ತಮ್ಮ?"

"ಹೆಚ್ಚಾಗಿಲ್ಲ ಸರ್. ಬೇಗ ಆಗೇತಿ."

ಅವರು ತಲೆಯೆತ್ತಿ ನನ್ನ ಕಡೆ ನೋಡಿದರು. ಆಮೇಲೆ ಆ ಅಧ್ಯಾಯ ತೆಗೆದು ಹತ್ತು ನಿಮಿಷ ಸುಮ್ಮನೆ ಓದಿದರು. ಕೊನೆಗೆ ಇನ್ನೊಂದೇ ಪ್ರಶ್ನೆ. "ನಿಮ್ಮ ಮಾತ್ರೆ ಖಾಲಿ ಹೊಟ್ಟೆಯಲ್ಲಿ ತಗೋಬಹುದಾ?"

"ನಾವು ಮನುಷ್ಯರ ಮ್ಯಾಲೆ ನೋಡಿಲ್ಲ ಸರ್. ಆದ್ರ ಫೆನೋಗ್ಲೈಡ್‌ಗೂ ಊಟದ ಜೊತೆ ಅಂತಾನೇ ಬರದಾರ."

"ಸರಿ," ಅಂದು ಅವರು ಪುಸ್ತಕ ಮುಚ್ಚಿದರು. ಗಂಟೆ ಹನ್ನೊಂದಾಗಿತ್ತು. ಇಲ್ಲಿ ಬೆಣ್ಣೆ ದೋಸೆ ಎಷ್ಟು ಹೊತ್ತಿನ ತನಕ ಸಿಗುತ್ತದೆ ಅಂತ ಅಟೆಂಡರನ್ನು ಕೇಳುತ್ತ ಹೊರಗೆ ಹೋದರು.